ತಿರುಗಿ ಬಾರದ ಬಾಣ

ನನ್ನ ಬಲಗಣ್ಣು ಹೋದ ಬೆಳಿಗ್ಗೆ ನಾನು ಗುರಿ ಇಟ್ಟಿದ್ದ ಮೀನು ಒಂದೂವರೆ ಅಡಿ ಆಳದಲ್ಲಿ, ಬಂಡೆಯ ನೆರಳಿಗೆ ಮೂತಿ ಕೊಟ್ಟು ನಿಂತಿತ್ತು. ಪೆರುವೋಲು, ನಮ್ಮ ಹೊಳೆಯ ಮೀನುಗಳಲ್ಲೆಲ್ಲ ದೊಡ್ಡದು, ಬೆಳ್ಳಿ ರೂಪಾಯಿಯಷ್ಟು ಅಗಲದ ಹುರುಪೆ ಇರುವ ಜಾತಿ. ಕಾಣಿಯೂರಿನಿಂದ ಒಂದು ಗಂಟೆ ನಡೆದರೆ ಸಿಗುವ ಆ ಆಳದ ಮಡುವನ್ನು ನಮ್ಮವರು ಕಯ ಎನ್ನುತ್ತಿದ್ದರು. ಮಳೆ ನಿಂತು ತಿಂಗಳುಗಳಾಗಿ ನೀರು ಪೂರ್ತಿ ತಿಳಿಯಾಗಿತ್ತು. ನಾನು ಮಂಡಿಯೂರಿ, ಬಿಲ್ಲನ್ನು ಅರ್ಧ ಎಳೆದು, ಮೀನು ಪಕ್ಕೆ ತೋರಿಸುವುದನ್ನು ಕಾಯುತ್ತಿದ್ದೆ.

ಆಗ ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ಬ್ಯಾರಿಗಳು, ಕರಾವಳಿಯ ಮುಸಲ್ಮಾನರು. ನನಗೆ ಮೂವತ್ತು ದಾಟಿತ್ತು. ಮಳೆಗಾಲದಲ್ಲಿ ಪುತ್ತೂರಿನಿಂದ ಒಣಮೀನು ಹೊತ್ತು ತಂದು ಮನೆಮನೆಗೆ ಮಾರುವುದು, ಹೊಳೆ ತಿಳಿಯಾದ ಮೇಲೆ ಬಿಲ್ಲು ಹಿಡಿಯುವುದು, ಇಷ್ಟೇ ನನ್ನ ಕೆಲಸ. ಬಿಲ್ಲಿನಲ್ಲಿ ಮೀನು ಹೊಡೆಯುವುದನ್ನು ಸುಳ್ಯದ ಕಡೆಯ ಸೋದರಮಾವನಿಂದ ಕಲಿತಿದ್ದೆ. ಕಡಬದ ಸಂತೆಯಲ್ಲಿ ನನ್ನ ಬುಟ್ಟಿಯ ಮೀನು ಎತ್ತಿದವರು ಮೊದಲು ಕಿವಿರಿನ ಹಿಂದೆ ನೋಡುತ್ತಿದ್ದರು. ಅಲ್ಲಿ ಒಂದೇ ತೂತು ಇದ್ದರೆ ಅದು ನಾನು ಹೊಡೆದದ್ದು ಎಂದು ಅವರಿಗೆ ಗೊತ್ತಾಗುತ್ತಿತ್ತು. ನನಗಿದ್ದ ಹೆಸರು ಅಷ್ಟೇ, ಅದರ ಬಗ್ಗೆ ನನಗೆ ಜಂಬವೂ ಇತ್ತು.

ಇಲ್ಲಿ ನನ್ನ ಬಿಲ್ಲಿನ ಒಂದು ವಿಷಯ ಹೇಳಲೇಬೇಕು. ಮುಂದೆ ನಡೆದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಮೀನಿನ ಬಾಣಕ್ಕೆ ಹಗ್ಗ ಬೇಕು, ಇಲ್ಲದಿದ್ದರೆ ಮೀನೂ ಹೋಯಿತು, ಬಾಣವೂ ಹೋಯಿತು. ಹೆಚ್ಚಿನವರು ಹಗ್ಗದ ಇನ್ನೊಂದು ತುದಿಯನ್ನು ಬಿಲ್ಲಿನ ಹಿಡಿಗೇ ಕಟ್ಟುತ್ತಾರೆ. ಬಾಣ ಬಿಡುವಾಗ ಆ ಹಗ್ಗ ಬೆರಳಿಗೋ ಹೆದೆಗೋ ಸಿಕ್ಕಿಬಿತ್ತು ಅಂದರೆ ಬಾಣ ಎರಡು ಮಾರು ಹೋಗಿ, ಜಗ್ಗಿ ನಿಂತು, ಹೋದ ವೇಗದಲ್ಲೇ ಹೊಡೆದವನ ಮುಖಕ್ಕೆ ತಿರುಗಿ ಬರುತ್ತದೆ. ನನ್ನ ಮಾವನ ಕೆನ್ನೆಯಲ್ಲಿ ಅಂಥದೊಂದು ಗಾಯದ ಗುರುತು ಇತ್ತು. ಅದರಿಂದ ಅವರು ಕಲಿತದ್ದನ್ನು ನನಗೆ ಕಲಿಸಿದ್ದರು. ಬಿಲ್ಲಿನ ಹೊರಮೈಗೆ ಅರ್ಧ ತೆಂಗಿನ ಚಿಪ್ಪು ಬಿಗಿದು, ಅದರಲ್ಲಿ ಹಗ್ಗವನ್ನು ಸಡಿಲ ಸುತ್ತುಗಳಾಗಿ ಇಡುವುದು. ಕೊನೆಯ ತುದಿಯನ್ನು ಬಿಲ್ಲಿಗೆ ಕಟ್ಟುವುದೇ ಇಲ್ಲ. ಪಕ್ಕದಲ್ಲಿಟ್ಟ ಒಣ ಸೋರೆ ಬುರುಡೆಗೆ ಕಟ್ಟುವುದು. ದೊಡ್ಡ ಮೀನಾದರೆ ಬುರುಡೆಯನ್ನೂ ಎಳೆದುಕೊಂಡು ಹೋಗುತ್ತದೆ, ಹೋಗಲಿ, ತೇಲುವ ಬುರುಡೆಯ ಹಿಂದೆ ಈಜಿದರೆ ಆಯಿತು. ಹೀಗೆ ಕಟ್ಟಿದ ಬಾಣವನ್ನು ಹಿಂದಕ್ಕೆ ಜಗ್ಗುವಂಥದ್ದು ಏನೂ ಇರುವುದಿಲ್ಲ.

ಮೀನು ಪಕ್ಕೆ ತಿರುಗಿಸಿತು. ಅದೇ ಹೊತ್ತಿಗೆ ಮೇಲಿನ ಬಂಡೆಯ ಹಿಂದಿನಿಂದ ಏನೋ ಹೊಗೆ ಬಿಡುತ್ತ ಹಾರಿಬಂದು, ನೀರಿಗೆ ಬೀಳದೆ ನನ್ನೆದುರಿನ ಕಲ್ಲಿನ ಅಂಚಿಗೆ ಬಿತ್ತು. ಅದು ಬಂಡೆ ಸಿಡಿಸುವ ಮದ್ದಿನ ತೋಟೆ ಎಂದು ತಿಳಿಯುವಷ್ಟು ಸಮಯ ಇತ್ತು. ಎದ್ದು ಓಡುವಷ್ಟು ಇರಲಿಲ್ಲ.

ಎಸೆದವನು ಸೇತುವೆ ಕೆಲಸದ ಮೇಸ್ತ್ರಿ. ಕಯದಿಂದ ಸ್ವಲ್ಪ ಕೆಳಗೆ ಹೊಳೆಗೆ ಸೇತುವೆ ಕಟ್ಟುತ್ತಿದ್ದರು. ಅಡಿಪಾಯಕ್ಕೆ ಬಂಡೆ ಒಡೆಯುವ ತೋಟೆಗಳು ಅವನ ಸುಪರ್ದಿಯಲ್ಲಿದ್ದವು. ಅದರಲ್ಲಿ ಒಂದೊಂದನ್ನು ಕಯಕ್ಕೆ ಹಾಕಿ ಮೀನು ಎತ್ತುವುದು ಅವನಿಗೆ ಅಭ್ಯಾಸವಾಗಿತ್ತು. ಹಿಂದೊಮ್ಮೆ ನಾನು, ಮರಿಮೀನು ಸಹಿತ ಸಾಯುತ್ತದೆ ಹಾಗೆ ಮಾಡಬೇಡಿ ಎಂದದ್ದಕ್ಕೆ, "ಹೊಳೆ ಎಂತ ನಿನ್ನ ಅಪ್ಪನದ್ದಾ?" ಎಂದು ಕೇಳಿದ್ದ. ಆ ಬೆಳಿಗ್ಗೆ ಬಂಡೆಯ ಮರೆಯಲ್ಲಿ ನಾನಿದ್ದದ್ದು ಅವನಿಗೆ ಕಂಡಿರಲಿಕ್ಕಿಲ್ಲ. ಕಂಡು ಎಸೆದ ಎಂದು ನಾನು ಆಗಲೂ ಹೇಳಲಿಲ್ಲ, ಈಗಲೂ ಹೇಳುವುದಿಲ್ಲ.

ನನ್ನನ್ನು ಜಲ್ಲಿ ಲಾರಿಯಲ್ಲಿ ಪುತ್ತೂರಿಗೆ ಒಯ್ದದ್ದೂ ಅವನೇ. ದಾರಿಯುದ್ದಕ್ಕೂ ನನ್ನ ತಲೆ ಅವನ ತೊಡೆಯ ಮೇಲಿತ್ತು. ತನ್ನ ಮುಂಡಾಸಿನ ಬಟ್ಟೆಯನ್ನೇ ಕಣ್ಣಿಗೆ ಒತ್ತಿ ಹಿಡಿದಿದ್ದ. "ಹೆದರ್ಬೇಡಿ ಬ್ಯಾರಿಗಳೇ, ಎಂತ ಆಗುದಿಲ್ಲ, ನಾನಿದ್ದೇನೆ" ಎಂದು ನೂರು ಸಲ ಹೇಳಿದ. ಆ ನೋವಿನಲ್ಲೂ ಅವನ ಮೇಲೆ ನನಗೆ ಅರ್ಧ ಕರುಣೆ ಬಂದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಎಂತ ಆಯಿತು ಎಂದು ಕೇಳಿದರು. ಅವನು ತಡವರಿಸಲೂ ಇಲ್ಲ.

"ಇವರ ಬಾಣವೇ ಡಾಕ್ಟ್ರೇ. ಹಗ್ಗ ಸಿಕ್ಕಿಬಿದ್ದು ತಿರುಗಿ ಬಂತು. ಅದು ತಾಗಿ ಕಲ್ಲಿನ ಮೇಲೆ ಬಿದ್ರು."

ಅಲ್ಲ ಎಂದು ನಾನು ಕೂಗಿದೆ. ಕೂಗಿದೆ ಎಂದುಕೊಂಡೆನೋ ಏನೋ, ಯಾರಿಗೂ ಕೇಳಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಅವನು ಹೇಳಿದ್ದೇ ಬರೆಯಲ್ಪಟ್ಟಿತು. ಡಾಕ್ಟರು ಒಳ್ಳೆಯವರು, ಇನ್ನೊಂದು ಕಣ್ಣು ಉಳಿಸಿಕೊಟ್ಟರು. ಅವರು ನೋಡಿದ್ದು ಕಣ್ಣನ್ನು, ಹೊಳೆಯನ್ನಲ್ಲ.

ಆರು ವಾರ ಕಳೆದು ನಾನು ನಡೆದಾಡುವ ಹಾಗಾದಾಗ ವಿಷಯ ನಮ್ಮ ಊರಿನ ಪಟೇಲರ ಜಗಲಿಗೆ ಬಂತು. ಮೇಸ್ತ್ರಿ ತನ್ನ ಕೆಲಸದವರಿಬ್ಬರನ್ನು ಕರೆದುಕೊಂಡು ಬಂದಿದ್ದ. ಬಾಣ ತಿರುಗಿ ಬಂದದ್ದನ್ನು ಕಂಡೆವು ಎಂದು ಅವರೂ ಹೇಳಿದರು. ನಾನು ತೋಟೆಯ ವಿಷಯ ಹೇಳಿದೆ, ಬುರುಡೆಯ ವಿಷಯ ಹೇಳಿದೆ. ಪಟೇಲರು ತಾಳ್ಮೆಯಿಂದ ಕೇಳಿದರು.

"ಬಾಣ ತಿರುಗಿ ಬರುದು ಉಂಟಲ್ಲ ಬ್ಯಾರಿಗಳೇ. ನಾವೂ ಕೇಳಿದ್ದೇವೆ."

"ಬಿಲ್ಲಿಗೆ ಹಗ್ಗ ಕಟ್ಟಿದ್ರೆ ಬರ್ತದೆ ಪಟೇಲರೇ. ನಾನು ಕಟ್ಟುದಿಲ್ಲ."

"ಹಗ್ಗ ಬಿಲ್ಲಿಗೆ ಕಟ್ಟದೆ ಯಾರಾದ್ರೂ ಮೀನು ಹೊಡಿತಾರಾ?" ಎಂದು ಮೇಸ್ತ್ರಿ ಜಗಲಿಯಲ್ಲಿದ್ದವರ ಕಡೆ ತಿರುಗಿ ನಕ್ಕ. ಅವರೂ ನಕ್ಕರು. ಅವನು ಅವರಿಗೆಲ್ಲ ಎಷ್ಟೋ ಸಲ ಮೀನು ಹಂಚಿದ್ದವನು.

"ಹಾಗಾದ್ರೆ ಬಿಲ್ಲು ತೋರಿಸಿ" ಎಂದರು ಪಟೇಲರು. ಬಿಲ್ಲು ಅವತ್ತೇ ಹೊಳೆಪಾಲಾಗಿತ್ತು. "ಇಲ್ಲದಿದ್ರೆ ಬೇರೆ ಬಿಲ್ಲಿನಲ್ಲಿ ಒಮ್ಮೆ ಹೊಡೆದು ತೋರಿಸಿ, ನೋಡುವ" ಎಂದರು. ಕಣ್ಣಿಗೆ ಕಟ್ಟಿದ ಬಟ್ಟೆ ಇನ್ನೂ ಒದ್ದೆಯಾಗುತ್ತಿದ್ದ ಕಾಲ ಅದು. ಈಗ ಆಗುದಿಲ್ಲ ಎಂದೆ. ಅಲ್ಲಿಗೆ ತೀರ್ಮಾನವಾಯಿತು.

ಆ ವಾರದಿಂದ ನನಗೆ ತಿರುಗುಬಾಣದ ಬ್ಯಾರಿ ಎಂದು ಹೆಸರು ಬಿತ್ತು. ಸಂತೆಯಲ್ಲಿ ಒಣಮೀನು ತೂಗುವಾಗಲೂ ಯಾರಾದರೂ ಒಬ್ಬ, "ದೂರ ನಿಲ್ಲಿ ಮಾರಾಯ್ರೆ, ತಿರುಗಿ ಬಂದೀತು" ಎನ್ನುವವನು ಇರುತ್ತಿದ್ದ. ಕಣ್ಣು ಹೋದದ್ದನ್ನು ನಾನು ಸಹಿಸಿಕೊಳ್ಳುತ್ತಿದ್ದೆನೋ ಏನೋ. ಹದಿನೈದು ವರ್ಷ ಬಿಲ್ಲು ಹಿಡಿದವನು ತನ್ನ ಬಾಣಕ್ಕೆ ತಾನೇ ಕುರುಡಾದ ಎಂದು ಊರು ನಗುವುದನ್ನು ಸಹಿಸಲಾಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೇಸ್ತ್ರಿಯ ಮುಖ ನೆನಪಾಗುತ್ತಿತ್ತು. ಲಾರಿಯಲ್ಲಿ ಅವನು ಹೇಳಿದ ಸಮಾಧಾನದ ಮಾತುಗಳೂ ನೆನಪಾಗುತ್ತಿದ್ದವು.

ಮುಂದಿನ ಬೇಸಗೆಗೆ ಹೊಸ ಬಿಲ್ಲು ಮಾಡಿಕೊಂಡು ಹೊಳೆಗೆ ಇಳಿದೆ. ಹತ್ತು ಬಾಣ ಬಿಟ್ಟರೆ ಹತ್ತೂ ಎಡಕ್ಕೆ ಹೋದವು. ಕಾರಣ ತಿಳಿಯಲು ನನಗೆ ಎರಡು ದಿನ ಬೇಕಾಯಿತು. ಬಲಗೈಯಲ್ಲಿ ಹೆದೆ ಎಳೆದರೆ ಬಾಣದ ಬುಡ ಬಲಗಣ್ಣಿನ ಕೆಳಗೆ ಬಂದು ನಿಲ್ಲುತ್ತದೆ. ಆ ಕಣ್ಣು ಈಗ ಇಲ್ಲ. ನೋಡುವುದು ಎಡಗಣ್ಣು. ಬಾಣದ ತುದಿಯನ್ನು ಎಡಗಣ್ಣು ಮೀನಿಗೆ ಸರಿಮಾಡುತ್ತದೆ, ಬುಡ ಮಾತ್ರ ಬಲಕ್ಕೇ ಇರುತ್ತದೆ. ಹಾಗಾಗಿ ಬಾಣ ಓರೆಯಾಗಿಯೇ ಹೊರಡುತ್ತದೆ. ಇದರ ಮೇಲೆ ಇನ್ನೊಂದು ಕಷ್ಟ. ಒಂದೇ ಕಣ್ಣಿಗೆ ಆಳ ತಿಳಿಯುವುದಿಲ್ಲ. ಮೀನು ಒಂದಡಿ ಕೆಳಗೆ ಉಂಟೋ ಮೂರಡಿ ಕೆಳಗೆ ಉಂಟೋ ಎಂದು ನನಗೆ ಗೊತ್ತಾಗುತ್ತಲೇ ಇರಲಿಲ್ಲ.

ನೀರಿನ ಮೀನಿಗೆ ಹೊಡೆಯುವಾಗ ಆಳ ಗೊತ್ತಿಲ್ಲದಿದ್ದರೆ ಏನೂ ಗೊತ್ತಿಲ್ಲದ ಹಾಗೆ. ಮೀನು ನಮಗೆ ಇರುವುದಕ್ಕಿಂತ ಮೇಲೆ ಕಾಣುತ್ತದೆ, ಆದ್ದರಿಂದ ಕಂಡದ್ದಕ್ಕಿಂತ ಕೆಳಗೆ ಹೊಡೆಯಬೇಕು. ಎಷ್ಟು ಕೆಳಗೆ ಎನ್ನುವುದೇ ವಿದ್ಯೆ. ಮಾವ ಹೇಳಿಕೊಟ್ಟ ಲೆಕ್ಕ ಹೀಗೆ: ಹತ್ತಡಿ ದೂರ, ಒಂದಡಿ ಆಳ ಇದ್ದರೆ ನಾಲ್ಕು ಬೆರಳು ಕೆಳಗೆ. ಆಳ ಎರಡಾದರೆ ಎಂಟು ಬೆರಳು. ದೂರ ಹೆಚ್ಚಿದ ಹಾಗೆ ಬೆರಳೂ ಹೆಚ್ಚು. ಎರಡು ಕಣ್ಣಿದ್ದಾಗ ಈ ಲೆಕ್ಕ ಕೈಗೇ ಬರುತ್ತಿತ್ತು. ಈಗ ಮೊದಲಿನಿಂದ ಕಲಿಯಬೇಕಾಗಿತ್ತು.

ನನಗೆ ಒಬ್ಬರ ನೆನಪಾಯಿತು. ಕೊಲ್ಲಮೊಗ್ರಿನಲ್ಲಿ ಕಾಡಿನ ಅಂಚಿಗೆ ಮನೆ ಮಾಡಿಕೊಂಡಿದ್ದ ಒಬ್ಬ ಅಜ್ಜ. ಮಾವನಿಗೆ ಬಿಲ್ಲು ಮಾಡಿಕೊಡುತ್ತಿದ್ದವರು ಅವರೇ. ನಡೆದುಕೊಂಡು ಹೋದೆ. ಅಜ್ಜ ನನ್ನ ಮುಖ ನೋಡಿದರು, ಕಣ್ಣಿನ ಕಥೆ ಕೇಳಲಿಲ್ಲ.

"ಎಡಗೈಯಲ್ಲಿ ಊಟ ಮಾಡ್ಲಿಕ್ಕೆ ಆಗ್ತದಾ ನಿನಗೆ?"

"ಇಲ್ಲ ಅಜ್ಜ. ನಮ್ಮಲ್ಲಿ ಮಾಡುದೂ ಇಲ್ಲ."

"ಊಟಕ್ಕೆ ಬೇಡ. ಹೆದೆಗೆ ಬೇಕು. ಬಿಲ್ಲು ಬಲಗೈಗೆ, ಹೆದೆ ಎಡಗೈಗೆ. ಮಗುವಿನ ಹಾಗೆ ಕಲಿಬೇಕು. ಆಗ್ತದೆ ಅಂದ್ರೆ ಕೂತ್ಕೋ, ಆಗುದಿಲ್ಲ ಅಂದ್ರೆ ನೀರು ಕುಡಿದು ಹೋಗು."

ನಾನು ಕೂತೆ.

ಬೈನೆ ಮರದ ಹೊರಗಿನ ಕರಿ ಭಾಗವನ್ನು ಸೀಳಿ ಬಿಲ್ಲಿಗೆ ಕೊಟ್ಟರು. ಅದು ನೆರಳಿನಲ್ಲಿ ನಿಧಾನಕ್ಕೆ ಒಣಗಬೇಕು, ಎರಡು ತಿಂಗಳು ಬೇಕು ಎಂದರು. ನನಗೆ ಅವಸರ. ಅವರು ಕಾಡಿಗೆ ಹೋಗಿದ್ದ ದಿನ ಅದನ್ನು ಒಲೆಯ ಮೇಲಿನ ಅಟ್ಟಕ್ಕೆ ಹಾಕಿದೆ. ಹದಿನೈದೇ ದಿನದಲ್ಲಿ ಒಣಗಿತು. ಹೆದೆ ಏರಿಸಿ ಮೂರನೆಯ ಸಲ ಎಳೆದಾಗ ಹಿಡಿಯ ಮೇಲೆ ಚಟ್ಟನೆ ಸೀಳು ಬಿತ್ತು. ಅಜ್ಜ ಅದನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದರು. ಹೊಗೆಯ ವಾಸನೆ.

"ನಿನಗೆ ಮೀನು ಬೇಕಾದ್ದಲ್ಲ" ಎಂದರು. "ಮೀನು ಬೇಕಾದವನಿಗೆ ಇಷ್ಟು ಅವಸರ ಇರುದಿಲ್ಲ. ಯಾರು ಅವ?"

ಅವತ್ತು ಎಲ್ಲ ಹೇಳಿದೆ. ಅಜ್ಜ ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದು ಎನ್ನಲಿಲ್ಲ. ಇನ್ನೊಂದು ಸೀಳು ತಂದು ನೆರಳಿಗೆ ಇಟ್ಟರು. ಆ ಬೇಸಗೆ ಹಾಗೆಯೇ ಮುಗಿಯಿತು.

ಮಳೆ ಕಳೆದು ಮತ್ತೆ ಹೋದಾಗ ಬಿಲ್ಲು ಸಿದ್ಧವಾಗಿತ್ತು. ನಿಂತರೆ ನನ್ನ ಎದೆಯವರೆಗೆ ಬರುವಷ್ಟು ಉದ್ದ. ಬಂಡೆಯ ಮೇಲೆ ಮಂಡಿಯೂರಿ ಹೊಡೆಯುವವನಿಗೆ ಅದಕ್ಕಿಂತ ಉದ್ದದ್ದು ಕೆಳಗೆ ಕಲ್ಲಿಗೆ ಬಡಿಯುತ್ತದೆ. ಹೆದೆಗೆ ನೂಲಿಲ್ಲ, ಬಿದಿರಿನ ಸೀಳು. ನೂಲು ಒದ್ದೆಯಾದರೆ ಸಡಿಲಾಗುತ್ತದೆ, ಬಿದಿರು ಆಗುವುದಿಲ್ಲ. ಬಾಣಕ್ಕೂ ಟೊಳ್ಳು ಓಟೆ ಬಿದಿರು ಬೇಡ, ನೀರಿಗೆ ತಾಗಿದ ಕೂಡಲೇ ಮೇಲಕ್ಕೆ ಎದ್ದುಬಿಡುತ್ತದೆ ಎಂದು ಗಟ್ಟಿ ಬಿದಿರಿನ ಕೋಲನ್ನೇ ಕೊಟ್ಟರು. ಗರಿ ಇಲ್ಲ. ನೀರಿನಲ್ಲಿ ಗರಿ ಒಂದು ಉಪದ್ರವ. ಅಲಗನ್ನು ನಾನು ಕಡಬದ ಕಮ್ಮಾರ ಆಚಾರಿಯಿಂದ ಲಾರಿಯ ಹಳೆ ಸ್ಪ್ರಿಂಗ್ ಪಟ್ಟಿಯಲ್ಲಿ ಮಾಡಿಸಿದೆ, ಹಿಂದಕ್ಕೆ ಬಾಗಿದ ಎರಡು ಮುಳ್ಳು ಸಮೇತ. ಹಗ್ಗಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಿ ಒಣಗಿಸಿದೆ. ನನ್ನ ಕೈಯ ಚರ್ಮ ಒಂದು ವಾರ ಸುಲಿಯಿತು.

ಕೊಲ್ಲಮೊಗ್ರಿನ ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ, ಅಭ್ಯಾಸ. ಅಡಿಕೆಯ ಹಾಳೆಯನ್ನು ಮೀನಿನ ಆಕಾರಕ್ಕೆ ಕತ್ತರಿಸಿ, ಕಲ್ಲು ಕಟ್ಟಿ, ಬೇರೆ ಬೇರೆ ಆಳಕ್ಕೆ ಇಳಿಬಿಡುತ್ತಿದ್ದೆ. ಎಡಗೈ ಮೊದಲ ತಿಂಗಳು ನಡುಗಿತು. ಹೆದೆಯನ್ನು ಬಾಯಿಯ ಮೂಲೆಯವರೆಗೆ ಎಳೆದು ಅಲ್ಲೇ ನಿಲ್ಲಿಸಬೇಕು, ಪ್ರತಿ ಸಲ ಅದೇ ಜಾಗ. ನನ್ನ ಕೈ ಒಮ್ಮೆ ಕೆನ್ನೆಗೆ ಹೋಗುತ್ತಿತ್ತು, ಒಮ್ಮೆ ಕಿವಿಗೆ. ಅಜ್ಜ ನನ್ನ ತುಟಿಯ ಎಡ ಮೂಲೆಗೆ ಸುಣ್ಣ ಹಚ್ಚಿದರು. ಹೆದೆ ಅಲ್ಲಿಗೆ ಬಂದರೆ ಹೆಬ್ಬೆರಳಿಗೆ ಸುಣ್ಣ ಅಂಟುತ್ತದೆ, ಬಾರದಿದ್ದರೆ ಇಲ್ಲ. ಹೆಬ್ಬೆರಳು ನೋಡಿ ನೋಡಿ ಕಲಿತೆ.

ಆಳದ ಕಷ್ಟ ಮಾತ್ರ ಹಾಗೆಯೇ ಉಳಿದಿತ್ತು. ಒಂದು ದಿನ ಹನ್ನೊಂದು ಗಂಟೆಯ ಬಿಸಿಲಿಗೆ ಅಜ್ಜ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಕೇಳಿದರು.

"ಎಂತ ನೋಡ್ತಿದ್ದಿ?"

"ಮೀನು."

"ಮೀನು ಬಿಡು. ಅದರ ನೆರಳು ಎಲ್ಲುಂಟು ನೋಡು."

ಮರಳಿನ ಮೇಲೆ ಹಾಳೆಯ ಮೀನಿನ ನೆರಳು ಬಿದ್ದಿತ್ತು. ಮೀನಿಗೂ ನೆರಳಿಗೂ ನಡುವೆ ಒಂದು ಗೇಣು. ಅಜ್ಜ ಕಲ್ಲು ಬಿಗಿದು ಮೀನನ್ನು ಕೆಳಗಿಳಿಸಿದರು, ನೆರಳು ಹತ್ತಿರ ಬಂತು. ಮೇಲಕ್ಕೆತ್ತಿದರು, ದೂರ ಹೋಯಿತು. ಕಯದ ತಳ ಎಷ್ಟು ಆಳ ಎಂದು ಕೋಲು ಹಾಕಿ ಮೊದಲೇ ಅಳೆದಿಟ್ಟರೆ, ನೆರಳಿನ ದೂರ ನೋಡಿ ಮೀನು ತಳದಿಂದ ಎಷ್ಟು ಮೇಲುಂಟು ಎಂದು ಹೇಳಬಹುದು. ಅದಕ್ಕೆ ಒಂದು ಕಣ್ಣು ಸಾಕು. ಮೋಡ ಇದ್ದರೆ ಆಗುವುದಿಲ್ಲ, ಇಳಿಹೊತ್ತಿನಲ್ಲಿ ಆಗುವುದಿಲ್ಲ. ಹತ್ತರಿಂದ ಹನ್ನೆರಡರ ಬಿಸಿಲು ಮಾತ್ರ. ಆದರೆ ಆ ಎರಡು ಗಂಟೆಯಲ್ಲಿ ನಾನು ಮೊದಲಿಗಿಂತ ಚೆನ್ನಾಗಿ ಹೊಡೆಯುತ್ತೇನೆ ಎಂದು ಇನ್ನೊಂದು ತಿಂಗಳಲ್ಲಿ ನನಗೇ ಗೊತ್ತಾಯಿತು.

ಸೇಡಿನ ಯೋಚನೆ ಪೂರ್ತಿ ರೂಪ ಪಡೆದದ್ದು ಆಗಲೇ. ಮೇಸ್ತ್ರಿ ತೋಟೆ ಹಾಕಿದ ಮೇಲೆ ಸೊಂಟದವರೆಗಿನ ನೀರಿಗೆ ಇಳಿದು ಮೀನು ಹೆಕ್ಕುತ್ತಾನೆ. ಆ ಹೊತ್ತಿಗೆ ನಾನೂ ಬಂಡೆಯ ಮೇಲೆ ಬಿಲ್ಲು ಹಿಡಿದಿರಬೇಕು. ಅವನ ಕಾಲಿನ ಮೀನಖಂಡಕ್ಕೆ ಎರಡು ಮುಳ್ಳಿನ ಬಾಣ ಹೋಗಬೇಕು. ಅದು ಹೊರಗೆ ಬರಬೇಕಾದರೆ ಮಾಂಸ ಸಮೇತ ಬರಬೇಕು. ಯಾರಾದರೂ ಕೇಳಿದರೆ, ಒಂದು ಕಣ್ಣಿನವ, ಮೀನಿಗೆ ಬಿಟ್ಟೆ, ತಪ್ಪಿತು ಎಂದರಾಯಿತು. ತಿರುಗುಬಾಣದ ಬ್ಯಾರಿಯ ಬಾಣ ತಪ್ಪಿದ್ದಕ್ಕೆ ಯಾರು ಆಶ್ಚರ್ಯಪಡುತ್ತಾರೆ? ಅವನು ನನಗೆ ಇಟ್ಟ ಹೆಸರೇ ನನ್ನನ್ನು ಕಾಯುತ್ತದೆ.

ಅದಕ್ಕಾಗಿ ಊರಿನಲ್ಲಿ ನಾನು ಹಳೆಯ ಹಾಗೆ ಬಲಗೈಯಲ್ಲೇ ಹೊಡೆಯತೊಡಗಿದೆ. ಆ ಒಂದು ಬಾಣಕ್ಕೆ ಮಾತ್ರ ಮಂಡಿಯೂರಿದಲ್ಲೇ ಮೆಲ್ಲಗೆ ಕೈ ಬದಲಾಯಿಸಿದರೆ ಮೀನು ಹೆಕ್ಕುವ ಗದ್ದಲದಲ್ಲಿ ಯಾರಿಗೂ ಕಾಣುವುದಿಲ್ಲ. ಜನರ ಎದುರಿಗೆ ಹೊಳೆಗೆ ಹೋಗಿ, ಎಡಕ್ಕೆ ಎಡಕ್ಕೆ ಬಾಣ ಬಿಟ್ಟು, ಬರಿಗೈಯಲ್ಲಿ ಬರುತ್ತಿದ್ದೆ. ನಗುತ್ತಿದ್ದರು. ನಗಲಿ ಎಂದು ಬಿಡುತ್ತಿದ್ದೆ. ಎಡಗೈಯ ವಿಷಯ ಅಜ್ಜನಿಗೆ ಬಿಟ್ಟರೆ ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಅವಳು ಬೀಡಿ ಕಟ್ಟುತ್ತಿದ್ದವಳು. ನಾನು ಒಂದು ಮಧ್ಯಾಹ್ನ ಅಲಗಿನ ಮುಳ್ಳನ್ನು ಕಲ್ಲಿಗೆ ಉಜ್ಜುತ್ತಿದ್ದಾಗ ಮೊರದಿಂದ ತಲೆ ಎತ್ತಿದಳು. ಮನೆಯಲ್ಲಿ ನಾವು ಆಡುವುದು ಬ್ಯಾರಿ ಮಾತು, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಅದು ಮೀನಿಗೆ ಅಲ್ಲ ಅಲ್ಲವಾ?"

ನಾನು ಅಲಗನ್ನು ಮಗುಚಿ ಇನ್ನೊಂದು ಮುಳ್ಳು ಹಿಡಿದೆ.

"ಬೇಡ ಅಂತ ನಾನು ಹೇಳುದಿಲ್ಲ. ಅವನ ಹೆಸರು ಕೇಳಿದ್ರೆ ನನಗೂ ಮೈ ಉರಿತದೆ. ಆದ್ರೆ ಹೊಡೆದ ಮೇಲೆ, ಕಣ್ಣು ಕಾಣದೆ ತಪ್ಪಿಹೋಯ್ತು ಅಂತ ಎಲ್ಲರ ಹತ್ರ ಹೇಳ್ತಾ ತಿರುಗುದಾದ್ರೆ, ನನ್ನ ಬಾಯಿಂದ ಅದು ಬರುದಿಲ್ಲ. ನೀವು ತಪ್ಪಿದವರು ಅಂತ ಹೇಳಿದವ ಅವ. ಅದನ್ನೇ ನಾವೂ ಹೇಳುದಾ?"

ಆ ಮಾತು ನನಗೆ ಆಗ ಹಿಡಿಸಲಿಲ್ಲ. ಮುಳ್ಳು ಉಜ್ಜುವುದನ್ನು ನಿಲ್ಲಿಸಲೂ ಇಲ್ಲ.

ಸೇತುವೆಯ ಮೇಲ್ಭಾಗದ ಕೆಲಸ ಮುಗಿದ ವಾರ ಮೇಸ್ತ್ರಿ ಕೆಲಸದವರಿಗೆಲ್ಲ ಮೀನಿನ ಊಟ ಹಾಕಿಸುತ್ತೇನೆ ಎಂದು ಸಾರಿದ. ಬೆಳಿಗ್ಗೆ ಹತ್ತು ಗಂಟೆಗೆ ಕಯದ ದಡದಲ್ಲಿ ಮೂವತ್ತು ನಲವತ್ತು ಜನ. ಪಟೇಲರೂ ಬಂದು ಮರದ ಬುಡದಲ್ಲಿ ನಿಂತಿದ್ದರು. ಮೋಡ ಇರಲಿಲ್ಲ. ನಾನು ಬಿಲ್ಲು, ಬುರುಡೆ ಹಿಡಿದು ಹೋದೆ. ಮೇಸ್ತ್ರಿ ನನ್ನನ್ನು ನೋಡಿ ದೊಡ್ಡ ಗಂಟಲಲ್ಲಿ ಕರೆದ.

"ಬಾ ಬ್ಯಾರಿ, ಬಾ! ಮುಳುಗಿದ್ದನ್ನು ನೀನು ಹೊಡಿ. ತಿರುಗಿ ಬಾರದ ಹಾಗೆ ಮಾತ್ರ ನೋಡ್ಕೋ, ಇನ್ನು ಒಂದೇ ಉಂಟು!"

ದಡವೆಲ್ಲ ನಕ್ಕಿತು. ನಾನೂ ಹಲ್ಲು ಕಿರಿದೆ.

ಎರಡು ತೋಟೆ ಬಿದ್ದವು. ನೀರು ಎದ್ದು ಬಿತ್ತು. ಸಣ್ಣ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿದವು. ಕೆಸರು ಇಳಿಯಲು ಸ್ವಲ್ಪ ಹೊತ್ತು ಬೇಕು. ದೊಡ್ಡ ಮೀನು ತೇಲುವುದಿಲ್ಲ, ತಲೆ ತಿರುಗಿ ತಳಕ್ಕೆ ಹೋಗಿ ಹೊರಳಾಡುತ್ತದೆ. ನಾನು ನನ್ನ ಬಂಡೆಯ ಮೇಲೆ ಮಂಡಿಯೂರಿದೆ. ಜನ ನೋಡಲಿ ಎಂದು ಒಂದು ಬಾಣ ಬಲಗೈಯಲ್ಲಿ ಬಿಟ್ಟೆ. ಎಡಕ್ಕೆ ಹೋಯಿತು. ಮತ್ತೆ ನಗು. ಹಗ್ಗ ಎಳೆದು ಬಾಣ ತೆಗೆದು, ಚಿಪ್ಪಿನಲ್ಲಿ ಸುತ್ತು ಹಾಕಿದೆ.

ಅಷ್ಟರಲ್ಲಿ ಮೇಸ್ತ್ರಿ ನೀರಿಗೆ ಇಳಿದಿದ್ದ. ನನ್ನಿಂದ ಹನ್ನೆರಡು ಅಡಿ ದೂರ. ನೀರು ಅವನ ಸೊಂಟಕ್ಕೆ. ನೀರಿನೊಳಗೆ ಅವನ ಕಾಲು ಮುರಿದ ಹಾಗೆ, ಗಿಡ್ಡವಾಗಿ ಕಾಣುತ್ತಿತ್ತು. ಮೀನಖಂಡ ಎಲ್ಲಿ ಕಾಣುತ್ತದೆ, ನಿಜವಾಗಿ ಎಲ್ಲಿ ಉಂಟು, ಎರಡೂ ನನಗೆ ಗೊತ್ತಿತ್ತು. ಈ ಒಂದು ಕ್ಷಣಕ್ಕೆ ಎರಡು ವರ್ಷ ತೆಗೆದುಕೊಂಡಿದ್ದೆ. ಬಾಣ ಹೆದೆಗೆ ಕೊಟ್ಟೆ.

ಆಗ ಹೆಂಡತಿಯ ಮಾತು ಬಂತು. ದಯೆಯ ರೂಪದಲ್ಲಿ ಬಂದದ್ದಲ್ಲ, ಸಿಟ್ಟಿನ ರೂಪದಲ್ಲಿ ಬಂತು. ನಾನು ಈಗ ಇವನ ಕಾಲಿಗೆ ಹೊಡೆದರೆ ಈ ದಡದಲ್ಲಿ ನಿಂತವರೆಲ್ಲ ಏನೆನ್ನುತ್ತಾರೆ? ಪಾಪ, ಬ್ಯಾರಿಯ ಬಾಣ ಮತ್ತೆ ತಪ್ಪಿತು ಎನ್ನುತ್ತಾರೆ. ಇವನ ಸುಳ್ಳಿಗೆ ನಾನೇ ಸಾಕ್ಷಿಯಾಗುತ್ತೇನೆ. ಇವನ ಗಾಯ ಎರಡು ತಿಂಗಳಲ್ಲಿ ಮಾಯುತ್ತದೆ, ನನ್ನ ಹೆಸರು ಸಾಯುವವರೆಗೆ ಹಾಗೆಯೇ ಇರುತ್ತದೆ. ಇಷ್ಟು ಸಣ್ಣ ಸೇಡಿಗಾಗಿ ನಾನು ಎಡಗೈ ಪಳಗಿಸಿದ್ದಾ?

ಅದೇ ಹೊತ್ತಿಗೆ ಅವನ ಮಂಡಿಯ ಪಕ್ಕ ಒಂದು ಪೆರುವೋಲು ಹೊರಳಿ ನೆಟ್ಟಗಾಯಿತು. ನನ್ನ ತೋಳಿನಷ್ಟು ಉದ್ದ. ಅರ್ಧ ಪ್ರಜ್ಞೆಯಲ್ಲಿ ಕಿವಿರು ಆಡಿಸುತ್ತಿತ್ತು. ಮರಳಿನ ಮೇಲೆ ನೆರಳು ನೋಡಿದೆ, ಒಂದು ಗೇಣು ದೂರ. ಅಲ್ಲಿ ತಳ ಮೂರಡಿ, ಅಂದರೆ ಮೀನು ಎರಡಡಿ ಆಳದಲ್ಲಿ ಉಂಟು. ಹನ್ನೆರಡು ಅಡಿ ದೂರಕ್ಕೆ ಹತ್ತು ಬೆರಳು ಕೆಳಗೆ.

ನಾನು ಎಲ್ಲರಿಗೂ ಕಾಣುವ ಹಾಗೆ ಎದ್ದು ನಿಂತು ಬಿಲ್ಲನ್ನು ಬಲಗೈಗೆ ಬದಲಾಯಿಸಿದೆ. ದಡದಲ್ಲಿ ಯಾರೋ "ಎಂತ ಇದು?" ಎಂದದ್ದು ಕೇಳಿತು. ಮತ್ತೆ ಮಂಡಿಯೂರಿ, ಹೆದೆಯನ್ನು ತುಟಿಯ ಮೂಲೆಗೆ ತಂದೆ.

"ಮೇಸ್ತ್ರಿ" ಎಂದೆ. "ಅಲ್ಲಾಡ್ಬೇಡಿ."

ಅವನು ತಲೆ ಎತ್ತಿದ. ಅಲಗು ಅವನ ಕಡೆಗೇ ಇತ್ತು. ಅವನ ಮುಖದ ಬಣ್ಣ ಹೋದದ್ದನ್ನು ನನ್ನ ಒಂದೇ ಕಣ್ಣು ಸರಿಯಾಗಿ ನೋಡಿತು. ಎರಡು ಉಸಿರಿನಷ್ಟು ಹೊತ್ತು ಹಾಗೆಯೇ ಹಿಡಿದೆ. ಅಷ್ಟು ಹೊತ್ತು ಹಿಡಿಯಬೇಕಾಗಿರಲಿಲ್ಲ, ಮೀನು ತಯಾರಾಗಿಯೇ ಇತ್ತು. ಆಮೇಲೆ ಬಿಟ್ಟೆ.

ಬಾಣ ಅವನ ಮಂಡಿಯಿಂದ ಒಂದು ಗೇಣು ಆಚೆಗೆ ನೀರು ಸೀಳಿ ಮೀನಿನ ಕಿವಿರಿನ ಹಿಂದೆ ಹೊಕ್ಕಿತು. ಮೀನು ಹುಚ್ಚು ಹಿಡಿದ ಹಾಗೆ ಹಾರಿ ಹಗ್ಗ ಸಮೇತ ಅವನ ಕಾಲಿಗೇ ಎರಡು ಸುತ್ತು ಬಂತು. ಚಿಪ್ಪಿನ ಹಗ್ಗ ಖಾಲಿಯಾಗಿ ಬುರುಡೆ ಬಂಡೆಯ ಮೇಲೆ ಜಾರತೊಡಗಿತು. ಬುರುಡೆಯನ್ನು ಹೋಗಲು ಬಿಟ್ಟಿದ್ದರೆ ಅವನ ಕಾಲು ಸಡಿಲವಾಗುತ್ತಿತ್ತು. ನಾನು ಹಗ್ಗ ಕೈಗೆ ಸುತ್ತಿ, ಕಲ್ಲಿಗೆ ಕಾಲು ಕೊಟ್ಟು ಜಗ್ಗಿದೆ. ಅತ್ತ ಮೀನು, ಇತ್ತ ನಾನು, ನಡುವೆ ಅವನ ಕಾಲು. ಅವನು ಬಿದ್ದ, ನೀರು ಕುಡಿದ, ಕೆಮ್ಮುತ್ತ ಎದ್ದ.

"ಹಗ್ಗ ಬಿಡು ಬ್ಯಾರಿ! ಕಾಲು ಕೊಯ್ತದೆ!"

"ಬಾಣ ತಿರುಗಿ ಬಂತಾ ಮೇಸ್ತ್ರಿ?"

"ಎಂತ?"

"ಕೇಳಿದ್ದಕ್ಕೆ ಹೇಳಿ. ಬಾಣ ತಿರುಗಿ ಬಂತಾ?"

"ಇಲ್ಲ, ಇಲ್ಲ ಮಾರಾಯ, ಬಿಡು!"

"ನನ್ನ ಹಗ್ಗ ಎಲ್ಲಿಗೆ ಕಟ್ಟಿದೆ ನೋಡಿ ಹೇಳಿ. ಪಟೇಲರಿಗೆ ಕೇಳುವ ಹಾಗೆ."

ಅವನು ನೋಡಿದ. "ಬುರುಡೆಗೆ."

"ಹಾಗಾದ್ರೆ ನನ್ನ ಕಣ್ಣು ಎಂತದರಲ್ಲಿ ಹೋದದ್ದು?"

ಅವನು ಬಗ್ಗಿ ಹಗ್ಗವನ್ನು ಕಾಲಿನಿಂದ ಬಿಡಿಸಲು ನೋಡಿದ. ಮೀನು ಮತ್ತೊಮ್ಮೆ ಎಳೆಯಿತು. ನಾನೂ ಎಳೆದೆ. ನೀರಿನಲ್ಲಿ ಅವನ ಕಾಲಿನ ಸುತ್ತ ಕೆಂಪು ಎದ್ದಿತು.

"ತೋಟೆಯಲ್ಲಿ" ಎಂದ. "ನನ್ನ ತೋಟೆಯಲ್ಲಿ. ಬಂಡೆಗೆ ಬಿತ್ತು. ನಾನೇ ಬಿಸಾಡಿದ್ದು. ಕೆಲಸ ಹೋಗ್ತದೆ ಅಂತ ಸುಳ್ಳು ಹೇಳಿದ್ದು."

"ಸಾಕು ಬ್ಯಾರಿಗಳೇ, ಬಿಡಿ" ಎಂದರು ಪಟೇಲರು ಮರದ ಬುಡದಿಂದ. ನಾನು ಕೂಡಲೇ ಬಿಡಲಿಲ್ಲ. ಜಗಲಿಯಲ್ಲಿ ಅವನ ಪರ ಸಾಕ್ಷಿ ಹೇಳಿದ ಇಬ್ಬರು ಕೆಲಸದವರು ಅಲ್ಲೇ ನಿಂತಿದ್ದರು. ಅವರ ಮುಖ ನೋಡಿದೆ. ಅವರು ತಲೆ ತಗ್ಗಿಸಿದ ಮೇಲೆ ಹಗ್ಗ ಸಡಿಲ ಬಿಟ್ಟೆ.

ಆ ಮೀನನ್ನು ನಾನು ಮನೆಗೆ ಒಯ್ದೆ. ಹೆಂಡತಿ ಕಿವಿರಿನ ಹಿಂದಿನ ತೂತು ನೋಡಿ ಮಸಾಲೆ ಅರೆಯಲು ಕೂತಳು. ಅವತ್ತು ನಾನು ಎರಡು ಸಲ ಬಡಿಸಿಕೊಂಡು ಉಂಡೆ. ಸಂತೆಯಲ್ಲಿ ಮತ್ತೆ ಯಾರೂ ಆ ಹೆಸರು ಹಿಡಿದು ಕರೆಯಲಿಲ್ಲ. ಪುತ್ತೂರಿನ ಆಸ್ಪತ್ರೆಯ ಕಾಗದದಲ್ಲಿ ಬರೆದದ್ದು ಮಾತ್ರ ಹಾಗೆಯೇ ಇದ್ದಿರಬೇಕು, ಅದನ್ನು ತಿದ್ದಿಸಲು ನಾನು ಹೋಗಲಿಲ್ಲ.

ತೋಟೆಯ ವಿಷಯ ಗುತ್ತಿಗೆದಾರರ ಕಿವಿಗೆ ಬಿದ್ದು ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಹೋಗುವ ದಿನ ಬೆಳಿಗ್ಗೆ ಅವನು ನಮ್ಮ ಮನೆಗೆ ಬಂದ. ಕೈಯಲ್ಲಿ ಬಟ್ಟೆಯ ಗಂಟು, ಕಾಲಿಗೆ ಪಟ್ಟಿ, ಸ್ವಲ್ಪ ಕುಂಟುತ್ತಿದ್ದ. ಸುಬ್ರಹ್ಮಣ್ಯದ ಬಸ್ಸು ಹಿಡಿದು ಘಟ್ಟದ ಮೇಲಿನ ಯಾವುದೋ ಕೆಲಸಕ್ಕೆ ಹೋಗುವವನಿದ್ದ. ನಾನು ಕೂತುಕೊಳ್ಳಿ ಎನ್ನಲಿಲ್ಲ. ಅವನು ಅಂಗಳದಲ್ಲೇ ನಿಂತು ತಪ್ಪಾಯಿತು ಎಂದ. ನಾನು ಆಯಿತು ಎನ್ನಲಿಲ್ಲ. ಹೋಗುತ್ತಾನೆ ಎಂದುಕೊಂಡರೆ ಹೋಗಲೂ ಇಲ್ಲ.

"ಒಂದು ಕೇಳ್ಬೇಕಿತ್ತು ಬ್ಯಾರಿಗಳೇ. ಅವತ್ತು ನೀವು ಗುರಿ ಇಟ್ಟದ್ದು ಮೀನಿಗಾ, ನನಗಾ?"

ನಾನು ಅವನನ್ನೇ ನೋಡಿದೆ.

"ನಿದ್ರೆ ಬರುದಿಲ್ಲ. ಕಣ್ಣು ಮುಚ್ಚಿದ್ರೆ ಆ ಅಲಗು ಕಾಣ್ತದೆ. ಮೀನಿಗೆ ಅಂತ ಒಂದು ಮಾತು ಹೇಳಿ, ಸಾಕು. ನಾನು ಹೋಗ್ತೇನೆ."

ಬಾಗಿಲ ಒಳಗೆ ಹೆಂಡತಿಯ ಬೀಡಿಯ ಕತ್ತರಿ ನಿಂತದ್ದು ಕೇಳಿತು. ಮೀನಿಗೆ ಎಂದು ಹೇಳಬಹುದಾಗಿತ್ತು. ಅದು ನಿಜವೂ ಆಗಿತ್ತು.

"ಬಸ್ಸಿಗೆ ಹೊತ್ತಾಯ್ತಲ್ಲ ಮೇಸ್ತ್ರಿ" ಎಂದೆ. "ಹೊರಡಿ."

ಅವನು ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಗಂಟನ್ನು ಹೆಗಲಿಗೆ ಏರಿಸಿ ಹೊರಟ. ಗದ್ದೆಯ ಬದಿಯ ದಾರಿಯಲ್ಲಿ ಎರಡು ಸಲ ನಿಂತು ಹಿಂದಿರುಗಿ ನೋಡಿದ. ಎರಡು ಸಲವೂ ನಾನು ಅಂಗಳದಲ್ಲೇ ನಿಂತಿದ್ದೆ, ಬಾಯಿ ತೆರೆಯಲಿಲ್ಲ.